ಪುತ್ತರಿಗೆ ಟಕೀಲಾ ಬಂದಿದೆ: ಉಪ್ಪು, ನಿಂಬೆ ಬಿಟ್ಟು ಬೇರೆ ದಾರಿ ಇದ್ದರೆ ಹೇಳಿ

ತೋಟದಮನೆ (ಬಾಳೆಲೆ)

ಚಿಕ್ಕಪ್ಪನ ಮಗ ಅಮೆರಿಕದಿಂದ ಬಂದಿದ್ದಾನೆ. ವಿಮಾನದಲ್ಲಿ ಬರುವವರು ಎರಡು ಲೀಟರ್ ತರಬಹುದಲ್ಲ, ಎರಡು ಲೀಟರೂ ಟಕೀಲಾನೇ ತಂದಿದ್ದಾನೆ. ಒಂದು ಬಾಟಲಿ ಬಂಗಾರದ ಬಣ್ಣ, ಇನ್ನೊಂದು ಒಣಹುಲ್ಲಿನ ಬಣ್ಣ. ಪುತ್ತರಿ, ಅಂದರೆ ನಮ್ಮ ಸುಗ್ಗಿ ಹಬ್ಬ, ಕಳೆದ ಮರುದಿನ ಮನೆಯಲ್ಲಿ ಹನ್ನೆರಡು ಜನ ಸೇರುತ್ತೇವೆ.

ಹೋದ ವರ್ಷ ಕೈಲ್ ಪೊಳ್ದ್ (ನಮ್ಮ ಆಯುಧ ಹಬ್ಬ) ಸಮಯದಲ್ಲೂ ಇದೇ ಭೂಪ ಒಂದು ಬಾಟಲಿ ತಂದಿದ್ದ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಉಪ್ಪು ನೆಕ್ಕಿ, ಎತ್ತಿ, ನಿಂಬೆ ಕಚ್ಚಿ ಅಂತ ಕವಾಯತು ಮಾಡಿಸಿದ. ನಮ್ಮ ದೊಡ್ಡ ಮಾವ ಬಾಯಿಗೆ ಹಾಕಿದ್ದನ್ನು ನೇರ ದಾಸವಾಳದ ಬುಡಕ್ಕೆ ಉಗಿದರು. "ಇದನ್ನ ಕಳೆ ಮಿಷನ್‌ಗೆ ಹಾಕಿ ಕಾಡು ಹೊಡೀಬಹುದು" ಅಂದರು. ಇನ್ನೊಂದ್ಸಲ ಅವರ ಮುಂದೆ ಆ ಬಾಟಲಿ ಇಡೋಕೆ ನನಗೆ ಧೈರ್ಯ ಇಲ್ಲ. ಮನುಷ್ಯರು ಕುಡಿಯೋ ಥರ ಏನಾದರೂ ಇದೆಯಾ?

ಹಳೇ ಫೌಜಿ (ಮಡಿಕೇರಿ)

ಇದೆ. ಬಾಟಲಿ ಮುಚ್ಚಿಡಿ, ಕ್ಯಾಂಟೀನ್ ರಮ್ ತೆಗೀರಿ. ಬಿಸಿನೀರು, ಎರಡು ಕಾಳುಮೆಣಸು. ಮುಗೀತು.

ಬಾರ್ ಕೌಂಟರ್ (ಮಡಿಕೇರಿ)

ಫೌಜಿ ಮಾವ, ರಮ್ ಎಲ್ಲಿಗೂ ಓಡಿಹೋಗಲ್ಲ. ಸ್ವಲ್ಪ ತಡೀರಿ.

ತೋಟದಮನೆ ಅಣ್ಣ, ಹನ್ನೊಂದು ವರ್ಷದಿಂದ ಇದೇ ಕೆಲಸ ನನಗೆ, ಮೊದಲು ಬೆಂಗಳೂರು, ಈಗ ಇಲ್ಲೊಂದು ರೆಸಾರ್ಟ್. ಕುಡಿಯುವ ಮಾತು ಆಮೇಲೆ, ಮೊದಲು ಲೇಬಲ್ ಓದಿ. "100% ಅಗಾವೆ" ಅಂತ ಇದೆಯಾ ನೋಡಿ. ಅಗಾವೆ ಅಂದರೆ ನಮ್ಮ ಕತ್ತಾಳೆಯ ಜಾತಿ. ಹಾಗೆ ಬರೆದಿಲ್ಲ ಅಂದರೆ ಅದು ಮಿಕ್ಸ್ಟೊ. ಅದರ ಸಕ್ಕರೆಯಲ್ಲಿ 51% ಅಗಾವೆಯದ್ದಾದರೆ ಸಾಕು, ಉಳಿದದ್ದು ಕಬ್ಬಿನದ್ದೋ ಮತ್ತೊಂದರದ್ದೋ ಇರಬಹುದು. ಅಲ್ಲಿನ ಕಾನೂನೇ ಅದಕ್ಕೆ ಅವಕಾಶ ಕೊಟ್ಟಿದೆ.

ಬಂಗಾರದ ಬಣ್ಣ ನೋಡಿ ಮೋಸ ಹೋಗಬೇಡಿ. "ಗೋಲ್ಡ್" ಅಂತ ಬರೆದಿರೋದರಲ್ಲಿ ಎಷ್ಟೋ ಸಲ ಸುಟ್ಟ ಸಕ್ಕರೆಯ ಬಣ್ಣ ಹಾಕಿರುತ್ತಾರೆ. ನಿಜವಾಗಿ ಮರದ ಪೀಪಾಯಿಯಲ್ಲಿ ಇಟ್ಟಿದ್ದಕ್ಕೆ ಹೆಸರು ಬೇರೆ. ಎರಡು ತಿಂಗಳಿಂದ ಒಂದು ವರ್ಷದೊಳಗೆ ಇಟ್ಟಿದ್ದು ರೆಪೊಸಾಡೊ. ಒಂದರಿಂದ ಮೂರು ವರ್ಷ ಇಟ್ಟಿದ್ದು ಆನ್ಯೆಹೊ. ಇಡದೇ ಇರೋ ನೀರಿನಂಥದ್ದು ಬ್ಲಾಂಕೊ. ಮೂರು ವರ್ಷ ದಾಟಿದ್ದಕ್ಕೆ ಎಕ್ಸ್ಟ್ರಾ ಆನ್ಯೆಹೊ ಅಂತ 2006ರಲ್ಲಿ ಇನ್ನೊಂದು ದರ್ಜೆ ಮಾಡಿದರು, ಅದನ್ನು ಯಾರಾದರೂ ತಂದರೆ ನನಗೊಂದು ಫೋನ್ ಮಾಡಿ.

ಲೇಬಲ್‌ನಲ್ಲಿ ನೋಮ್ ಅಂತ ನಾಲ್ಕು ಅಂಕಿಯ ಒಂದು ನಂಬರ್ ಇರುತ್ತದೆ. ಯಾವ ಭಟ್ಟಿಯಲ್ಲಿ ತಯಾರಾಯಿತು ಅನ್ನೋದು ಅದರಿಂದ ಗೊತ್ತಾಗುತ್ತದೆ. ಎರಡು ಬೇರೆ ಹೆಸರಿನ ಬಾಟಲಿಗೆ ಒಂದೇ ನಂಬರ್ ಇದ್ದರೆ ಎರಡೂ ಒಂದೇ ಭಟ್ಟಿಯವು.

ತೋಟದಮನೆ

ಕರೆಂಟ್ ಇಲ್ಲ, ಟಾರ್ಚ್ ಹಿಡಿದು ಓದಿದೆ. ಬಂಗಾರದ್ದರಲ್ಲಿ ಗೋಲ್ಡ್ ಅಂತ ದೊಡ್ಡದಾಗಿದೆ, 100% ಎಲ್ಲೂ ಇಲ್ಲ. ಹುಲ್ಲಿನ ಬಣ್ಣದ್ದು ರೆಪೊಸಾಡೊ, ಅದರಲ್ಲಿ 100% ಇದೆ. ಹೋದ ವರ್ಷ ಮಾವ ಉಗಿದಿದ್ದು ಗೋಲ್ಡ್‌ನ ಅಣ್ಣತಮ್ಮನೇ. ಖಾಲಿ ಬಾಟಲಿ ಸೀಮೆಎಣ್ಣೆಗೆ ಅಂತ ಇಟ್ಟಿದ್ದೆ, ತೆಗೆದು ನೋಡಿದೆ.

ಬಾರ್ ಕೌಂಟರ್

ಮಾವನ ನಾಲಗೆ ಸರಿ ಇದೆ ಅಂತಾಯಿತು. ಬಾಯಿ ಸುಡುತ್ತೆ ಅಂತಲೇ ಆ ಉಪ್ಪು, ನಿಂಬೆ. ಗೋಲ್ಡ್ ಅನ್ನು ಹಣ್ಣಿನ ರಸದ ಜೊತೆ ಕಲಸೋಕೆ ಇಡಿ. ರೆಪೊಸಾಡೊವನ್ನು ಅವರಿಗೆ ಸುಮ್ನೆ, ಐಸ್ ಇಲ್ಲದೆ, ಮೂವತ್ತು ಎಂ.ಎಲ್. ಕೊಡಿ. ಫ್ರಿಜ್‌ನಲ್ಲಿಡಬೇಡಿ. ತಣ್ಣಗಾದರೆ ವಾಸನೆ ಸತ್ತು ಹೋಗುತ್ತದೆ.

ಮೈಸೂರಲ್ಲಿರೋ ಕೊಡಗಿನವ

ಕೆಲಸದ ಮೇಲೆ ಎರಡು ವರ್ಷ ಮೆಕ್ಸಿಕೋದ ಗ್ವಾದಲಹಾರದಲ್ಲಿದ್ದೆ. ಟಕೀಲಾ ಅನ್ನೋದು ಅಲ್ಲಿಂದ ಗಂಟೆ, ಗಂಟೆಕಾಲಿನ ದಾರಿಯಲ್ಲಿರುವ ಒಂದು ಊರು. ಊರಿನ ಹೆಸರೇ ಕುಡಿಯೋದಕ್ಕೂ ಬಂತು. ಹಲಿಸ್ಕೊ ರಾಜ್ಯ ಪೂರ್ತಿ, ಜೊತೆಗೆ ಇನ್ನು ನಾಲ್ಕು ರಾಜ್ಯಗಳ ಕೆಲವು ಭಾಗ, ಅಷ್ಟರಲ್ಲಿ ಮಾಡಿದ್ದಕ್ಕೆ ಮಾತ್ರ ಈ ಹೆಸರು. 1974ರಿಂದ ಹೀಗೆ. ಆ ಊರಿನ ಸುತ್ತ ನೀಲಿ ಅಗಾವೆ ಹೊಲಗಳು, ಗುಡ್ಡದ ಮೇಲೆ ಯಾರೋ ನೀಲಿ ಕಂಬಳಿ ಹಾಸಿದ ಹಾಗೆ. 2006ರಲ್ಲಿ ಅದನ್ನು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ಅಲ್ಲಿನ ಮನೆಗಳಲ್ಲಿ ಉಪ್ಪು ನೆಕ್ಕಿ ಒಂದೇ ಗುಟುಕಿಗೆ ಎತ್ತೋರನ್ನು ನಾನು ನೋಡಿದ್ದು ಕಡಿಮೆ. ಕಬಯೀಟೊ ಅಂತ ಉದ್ದನೆಯ ಸಣ್ಣ ಗ್ಲಾಸು, ಪಕ್ಕದಲ್ಲಿ ಸಾಂಗ್ರೀಟಾ ಅಂತ ಇನ್ನೊಂದು. ಸಾಂಗ್ರೀಟಾದಲ್ಲಿ ಮದ್ಯ ಇರುವುದಿಲ್ಲ. ಕಿತ್ತಳೆ, ನಿಂಬೆ, ಮೆಣಸಿನ ಖಾರ, ಕೆಲವರು ದಾಳಿಂಬೆ, ಕೆಲವರು ಟೊಮೆಟೊ. ಇದೊಂದು ಸಿಪ್, ಅದೊಂದು ಸಿಪ್. ಒಂದು ಗ್ಲಾಸಿಗೆ ಅರ್ಧ ಗಂಟೆ ಮಾತಾಡುತ್ತಾ ಕೂರುತ್ತಾರೆ. ಮೂರನೇ ಗ್ಲಾಸಿನಲ್ಲಿ ನಿಂಬೆರಸ ಇಟ್ಟರೆ ಬಂದೇರಾ, ಅಂದರೆ ಬಾವುಟ. ಹಸಿರು, ಬಿಳಿ, ಕೆಂಪು, ಮೆಕ್ಸಿಕೋ ಬಾವುಟದ ಬಣ್ಣ.

ನನ್ನ ಅನುಮಾನ ಏನೆಂದರೆ, ಸಾಂಗ್ರೀಟಾ ಕೊಡಗಿನಲ್ಲಿ ಹುಟ್ಟಬೇಕಿತ್ತು. ನಮ್ಮ ಕಿತ್ತಳೆ, ಸೂಜಿಮೆಣಸು, ಹುಳಿಗೆ ಕಾಚಂಪುಳಿ ಇರುವಾಗ ಇನ್ನೇನು ಬೇಕು?

ಕುಶಾಲನಗರ ಹೈದ

ಕತ್ತಾಳೆ ಅಂತ ಓದಿ ತಲೆ ಕೆಟ್ಟಿತು. ನಮ್ಮಲ್ಲಿಂದ ಪಿರಿಯಾಪಟ್ಟಣದ ಕಡೆ ಹೋದರೆ ಬೇಲಿ ತುಂಬಾ ಅದೇ. ಅದರಲ್ಲಿ ಟಕೀಲಾ ಮಾಡಬಹುದಾ? ಮತ್ತೆ, ಬಾಟಲಿಯಲ್ಲಿ ಹುಳ ಇರುತ್ತಂತಲ್ಲ?

ಮೈಸೂರಲ್ಲಿರೋ ಕೊಡಗಿನವ

ಹೈದ, ಹುಳ ಟಕೀಲಾದಲ್ಲಿ ಇರೋದಿಲ್ಲ. ಅದರ ದಾಯಾದಿ ಮೆಸ್ಕಾಲ್‌ನ ಕೆಲವು ಬಾಟಲಿಗಳಲ್ಲಿ ಪತಂಗದ ಮರಿಹುಳ ಹಾಕುತ್ತಾರೆ, ಅಷ್ಟೇ. ಮೆಸ್ಕಾಲ್ ಹೆಚ್ಚಾಗಿ ವಹಾಕ ಕಡೆಯದ್ದು. ಅಗಾವೆಯ ಗಡ್ಡೆಯನ್ನು ನೆಲದ ಗುಂಡಿಯಲ್ಲಿ ಬಿಸಿ ಕಲ್ಲಿನ ಮೇಲೆ ಸುಡುತ್ತಾರೆ, ಅದಕ್ಕೇ ಹೊಗೆ ವಾಸನೆ. ಟಕೀಲಾಗೆ ಒಲೆಯಲ್ಲಿ ಹಬೆಯಲ್ಲಿ ಬೇಯಿಸುವುದೇ ಹೆಚ್ಚು.

ನಮ್ಮ ಬೇಲಿಯದ್ದು ಬೇರೆ ಜಾತಿ. ಅದರ ಹಸಿ ರಸ ಮೈಗೆ ತಾಗಿದರೆ ತುರಿಕೆ ಎಬ್ಬಿಸುತ್ತದೆ. ಟಕೀಲಾದ್ದು ನೀಲಿ ಅಗಾವೆ, ಅದೂ ಬಲಿಯೋಕೆ ಆರೇಳು ವರ್ಷ ಬೇಕು. ಜೀವನದಲ್ಲಿ ಒಂದೇ ಸಲ ಹೂ ಬಿಟ್ಟು ಸಾಯುವ ಗಿಡ ಅದು. ಹೂವಿನ ದಂಟು ಎದ್ದರೆ ಸಕ್ಕರೆಯೆಲ್ಲ ಅದಕ್ಕೇ ಹೋಗುತ್ತದೆ, ಹಾಗಾಗಿ ಮೊದಲೇ ಕಡಿದು ಹಾಕುತ್ತಾರೆ. ಹಿಮಡೋರ್ ಅಂತ ಕರೆಯುವ ಕೆಲಸಗಾರ ಉದ್ದ ಹಿಡಿಯ, ದುಂಡು ಅಲಗಿನ ಒಂದು ಕತ್ತಿಯಿಂದ ಎಲೆ ಸವರುತ್ತಾನೆ. ನಮ್ಮ ಕಾಫಿ ತೋಟಗಳಲ್ಲಿ ಮರಗಸಿ ಮಾಡೋರ, ಅಂದರೆ ನೆರಳು ಮರದ ಕೊಂಬೆ ಸವರೋರ ಕೈ ನೆನಪಾಯಿತು ನನಗೆ, ಅಷ್ಟು ಚುರುಕು. ಒಳಗೆ ಉಳಿಯೋದು ಅನಾನಸ್ ಆಕಾರದ ಗಡ್ಡೆ, ನಲವತ್ತು ಐವತ್ತು ಕೆ.ಜಿ. ತೂಗುವುದು ಮಾಮೂಲು.

ಡೆಕ್ಕನ್‌ನಲ್ಲಿ ಬೆಳೆಯುವ ಕತ್ತಾಳೆಯಿಂದ ಡೆಸ್ಮಂಡ್‌ಜಿ ಅಂತ ಒಂದು ಮದ್ಯ ಮಾಡುತ್ತಾರೆ, 2011ರಿಂದ ಮಾರುಕಟ್ಟೆಯಲ್ಲಿದೆ. ಅದಕ್ಕೆ ಟಕೀಲಾ ಅನ್ನೋ ಹೆಸರು ಹಾಕುವ ಹಾಗಿಲ್ಲ.

ಹಳೇ ಫೌಜಿ

ಹೈದ, ಬೇಲಿ ಕಡಿಯೋಕೆ ಹೋಗಬೇಡ. ಮನೇಲಿ ಭಟ್ಟಿ ಇಳಿಸಿದರೆ ಅಬಕಾರಿಯವರು ಬರುತ್ತಾರೆ, ಅದಕ್ಕೆ ಮೊದಲೇ ಕಣ್ಣು ಹೋಗುತ್ತದೆ. ತಮಾಷೆ ಅಲ್ಲ ಇದು.

ಚಕ್ಕೋತಕ್ಕ (ಪೊನ್ನಂಪೇಟೆ)

ಎಂತ ಮಾರಾಯ್ರೇ, ಇಷ್ಟೆಲ್ಲ ಮಾತಾಡಿ ಯಾರೂ ಚಕ್ಕೋತದ ಹೆಸರು ತೆಗೆದಿಲ್ಲವಲ್ಲ!

ಮೆಕ್ಸಿಕೋದಲ್ಲಿ ಟಕೀಲಾ ಬೆರೆಸಿ ಕುಡಿಯೋದರಲ್ಲಿ ತುಂಬಾ ನಡೆಯೋದು ಪಲೋಮಾ ಅಂತ ಮಗಳು ತೋರಿಸಿಕೊಟ್ಟಳು. ಪಲೋಮಾ ಅಂದರೆ ಪಾರಿವಾಳ. ಅದಕ್ಕೆ ಗ್ರೇಪ್‌ಫ್ರೂಟ್ ಸೋಡಾ ಬೇಕು. ಆ ಹಣ್ಣು ಎಲ್ಲಿಂದ ತರೋದು? ಆಮೇಲೆ ಗೊತ್ತಾಯಿತು, ಅದು ಹುಟ್ಟಿದ್ದೇ ಚಕ್ಕೋತ ಮತ್ತು ಸಿಹಿ ಕಿತ್ತಳೆ ಬೆರೆತು. ಅಂದರೆ ಅದರ ಅಮ್ಮ ನಮ್ಮ ಹಿತ್ತಲಲ್ಲೇ ಇದ್ದಾಳೆ.

ತಮ್ಮಾ, ನಾನು ಮಾಡೋ ರೀತಿ ಹೇಳುತ್ತೇನೆ. ಕೆಂಪು ತಿರುಳಿನ ಚಕ್ಕೋತ ತಗೋ. ಸಿಪ್ಪೆ ಸುಲಿದ ಮೇಲೆ ಬೆಂಡಿನ ಹಾಗೆ ದಪ್ಪ ಬಿಳಿ ಇರುತ್ತದೆ ನೋಡು, ಅದನ್ನು ಪೂರ್ತಿ ಕಿತ್ತು ಹಾಕು. ತೊಳೆಗಳ ಮೇಲಿನ ಪೊರೆಯನ್ನೂ ಬಿಡಿಸು, ಕಹಿಯೆಲ್ಲ ಅದರಲ್ಲೇ. ಬರೀ ತಿರುಳು ಉಳಿದ ಮೇಲೆ ಮಿಕ್ಸಿಗೆ ಹಾಕಬೇಡ. ಬಟ್ಟೆಯಲ್ಲಿ ಕಟ್ಟಿ ಕೈಯಲ್ಲಿ ಹಿಂಡು. ಮಿಕ್ಸಿಗೆ ಹಾಕಿದರೆ ಕಹಿ ಆಗಿ ನೊರೆ ಬರುತ್ತದೆ, ನಾನು ಎರಡು ಹಣ್ಣು ಹಾಳು ಮಾಡಿಕೊಂಡ ಮೇಲೆ ಹೇಳುತ್ತಿದ್ದೇನೆ.

ಎತ್ತರದ ಲೋಟ, ತುಂಬಾ ಐಸ್. 60 ಎಂ.ಎಲ್. ಟಕೀಲಾ, 90 ಎಂ.ಎಲ್. ಚಕ್ಕೋತದ ರಸ, ಅರ್ಧ ನಿಂಬೆಹಣ್ಣು, ಒಂದು ಚಮಚ ಸಕ್ಕರೆ ಪಾಕ, ಎರಡು ಬೆರಳಲ್ಲಿ ಚಿವುಟಿದಷ್ಟು ಉಪ್ಪು. ಮೇಲೆ ಸೋಡಾ. ಚಕ್ಕೋತಕ್ಕೆ ಗ್ರೇಪ್‌ಫ್ರೂಟ್‌ನಷ್ಟು ಹುಳಿ ಇಲ್ಲ, ಅದಕ್ಕೇ ನಿಂಬೆ ಸ್ವಲ್ಪ ಜಾಸ್ತಿ. ಉಪ್ಪು ಮರೆತರೆ ಬರೀ ಜ್ಯೂಸ್ ಆಗುತ್ತದೆ. ಉಪ್ಪು ಬಿದ್ದರೆ ಕಹಿ ಹಿಂದೆ ಸರಿದು ಹಣ್ಣು ಮುಂದೆ ಬರುತ್ತದೆ.

ತೋಟದಮನೆ

ಅಕ್ಕಾ, ಭಾನುವಾರ ತಾಲೀಮು ಅಂತ ನಾನು, ಚಿಕ್ಕಪ್ಪನ ಮಗ ಇಬ್ಬರೇ ಕೂತೆವು. ಎರಡು ಅನಾಹುತ.

ಒಂದು: ಶೇಕರ್ ಇಲ್ಲ ಅಂತ ಹಳೇ ಹಾರ್ಲಿಕ್ಸ್ ಬಾಟಲಿಗೆ ಎಲ್ಲ ಹಾಕಿದೆ. ಎಲ್ಲ ಅಂದರೆ ಸೋಡಾ ಕೂಡ. ಮುಚ್ಚಿ ಅಲ್ಲಾಡಿಸಿದೆ. ಮುಚ್ಚಳ ಅಟ್ಟಕ್ಕೆ ಹಾರಿತು, ಚಕ್ಕೋತ ಗೋಡೆಗೆ ಹೋಯಿತು. ಅಮ್ಮ ಅಡುಗೆಮನೆಯಿಂದ ಬಂದು ನೋಡಿ ಏನೂ ಹೇಳಲಿಲ್ಲ. ಅದು ಬೈದಿದ್ದಕ್ಕಿಂತ ಜಾಸ್ತಿ.

ಎರಡು: ಸಾಂಗ್ರೀಟಾಗೆ ಕಾಚಂಪುಳಿ ಅಂದಿರಲ್ಲ. ಪಂದಿ ಕರಿಗೆ ಹಾಕೋ ಕೈಯಲ್ಲೇ ಒಂದು ಚಮಚ ಹಾಕಿದೆ. ಬಣ್ಣ ಇಂಕು. ಹಲ್ಲು ಜುಂ ಅಂತು. ಅರ್ಧ ಗಂಟೆ ಏನು ತಿಂದರೂ ಕಾಚಂಪುಳಿಯೇ.

ಬಾರ್ ಕೌಂಟರ್

ಗುಳ್ಳೆ ಇರೋದನ್ನ ಯಾವತ್ತೂ ಶೇಕ್ ಮಾಡಬಾರದು ಅಣ್ಣ. ಅದು ಕೊನೆಗೆ, ಲೋಟಕ್ಕೇ.

ಕಾಚಂಪುಳಿ ಅಂದರೆ ಹಣ್ಣಿನ ರಸ ತೊಟ್ಟಿಕ್ಕಿಸಿ, ಅದನ್ನು ಕುದಿಸಿ ಕುದಿಸಿ ಕಪ್ಪು ಮಾಡಿದ್ದು. ಚಮಚದ ಲೆಕ್ಕ ಅಲ್ಲ, ಹನಿಯ ಲೆಕ್ಕ. ನಾಲ್ಕು ಜನಕ್ಕೆ ನನ್ನ ಅಳತೆ: ಕಿತ್ತಳೆ ರಸ ಒಂದು ಲೋಟ, ನಿಂಬೆರಸ ಕಾಲು ಲೋಟ, ಕೆಂಪಿಗೆ ಸ್ವಲ್ಪ ದಾಳಿಂಬೆ, ಎರಡು ಸೂಜಿಮೆಣಸು ಜಜ್ಜಿ, ಉಪ್ಪು, ಕಾಚಂಪುಳಿ ಐದು ಹನಿ. ಒಂದು ಗಂಟೆ ಬಿಟ್ಟು ಸೋಸಿ. ಸೋಸೋದು ಮರೆತರೆ ಮೆಣಸಿನ ಬೀಜ ಯಾರಿಗೆ ಸಿಗುತ್ತದೋ ಅವರ ಹಣೆಬರಹ.

ಇನ್ನು ಮಾರ್ಗರೀಟಾ. ಪುಸ್ತಕದ ಅಳತೆ 50 ಎಂ.ಎಲ್. ಟಕೀಲಾ, 20 ಎಂ.ಎಲ್. ಕಿತ್ತಳೆ ಲಿಕರ್, 15 ಎಂ.ಎಲ್. ನಿಂಬೆ. ಲಿಕರ್ ಬಾಟಲಿ ಇಲ್ಲಿ ಸಿಗೋದು ಕಷ್ಟ, ಸಿಕ್ಕರೂ ದುಬಾರಿ. ನಮ್ಮ ಕಿತ್ತಳೆ ಸಿಪ್ಪೆ ಇರುವಾಗ ಅದರ ಗೊಡವೆಯೇ ಬೇಡ. ನಾಲ್ಕು ಹಣ್ಣಿನ ಸಿಪ್ಪೆ ತಗೊಂಡು, ಒಳಗಿನ ಬಿಳಿ ಕೆರೆದು, ಅರ್ಧ ಲೋಟ ಸಕ್ಕರೆ ಹಾಕಿ ಕೈಯಲ್ಲಿ ಚೆನ್ನಾಗಿ ಹಿಸುಕಿ. ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸಕ್ಕರೆ ಒದ್ದೆಯಾಗಿ ಹಳದಿ ಪಾಕ ಇಳಿದಿರುತ್ತದೆ, ಮನೆ ತುಂಬಾ ವಾಸನೆ. ಗಟ್ಟಿ ಉಳಿದ ಸಕ್ಕರೆಗೆ ಸ್ವಲ್ಪ ನಿಂಬೆರಸ ಹಾಕಿ ಕರಗಿಸಿ ಸೋಸಿಕೊಳ್ಳಿ. ಇದನ್ನು 20 ಎಂ.ಎಲ್., ಟಕೀಲಾ 60, ನಿಂಬೆ 30. ಪುಸ್ತಕಕ್ಕಿಂತ ಹುಳಿ ಜಾಸ್ತಿ, ಯಾಕೆಂದರೆ ಪಾಕ ಲಿಕರ್‌ಗಿಂತ ಸಿಹಿ. ಐಸ್ ಹಾಕಿ ಹನ್ನೆರಡು ಸೆಕೆಂಡ್ ಜೋರಾಗಿ ಅಲ್ಲಾಡಿಸಿ. ಹಾರ್ಲಿಕ್ಸ್ ಬಾಟಲಿ ನಡೆಯುತ್ತದೆ, ಸೋಡಾ ಇಲ್ಲದಿದ್ದರೆ.

ಉಪ್ಪನ್ನು ಗ್ಲಾಸಿನ ಬಾಯಿಗೆ ಅರ್ಧ ಸುತ್ತು ಮಾತ್ರ ಹಚ್ಚಿ, ಅದೂ ಹೊರಗಡೆ. ಬೇಕಾದವರು ಆ ಕಡೆಯಿಂದ ಕುಡಿಯಲಿ, ಬೇಡದವರು ಈ ಕಡೆಯಿಂದ. ಪುಡಿ ಉಪ್ಪು ಬೇಡ, ಕಲ್ಲುಪ್ಪನ್ನು ಒರಟಾಗಿ ಕುಟ್ಟಿ.

ಜೇನು ಹಾಕಬೇಕು ಅನ್ನಿಸಿದರೆ ಎರಡು ಪಾಲು ಜೇನಿಗೆ ಒಂದು ಪಾಲು ಬಿಸಿನೀರು ಸೇರಿಸಿ ಮೊದಲೇ ಕರಗಿಸಿಡಿ. ಹಾಗೇ ಸುರಿದರೆ ಐಸ್ ತಾಗಿ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಸ್ಯಾನ್‌ಫ್ರಾನ್ಸಿಸ್ಕೋದ ಟಾಮೀಸ್ ಅನ್ನೋ ರೆಸ್ಟೋರೆಂಟ್‌ನವರು ಲಿಕರ್ ಬಿಟ್ಟು ಅಗಾವೆ ಪಾಕ ಹಾಕಿ ಮಾರ್ಗರೀಟಾ ಮಾಡಿ ಹೆಸರು ಮಾಡಿದರು. ನಮ್ಮ ಜೇನು ಅದರ ಜಾಗಕ್ಕೆ ಸಲೀಸಾಗಿ ಕೂರುತ್ತದೆ.

ಸೋಮವಾರಪೇಟೆ ಕಾಫಿ

ಕಕ್ಕಡ ತಿಂಗಳ 18ಕ್ಕೆ ಮದ್ದು ಸೊಪ್ಪಿನ ರಸ ತೆಗೀತೀರಲ್ಲ, ಆ ನೇರಳೆ ಬಣ್ಣದಲ್ಲಿ ಮಾರ್ಗರೀಟಾ ಮಾಡಿದರೆ? ಫೋಟೋಗೆ ಬೆಂಕಿ!

ಚಕ್ಕೋತಕ್ಕ

ಮಾಡು. ಮಾರನೇ ದಿನ ಬೆಳಿಗ್ಗೆ ಬಚ್ಚಲಲ್ಲಿ ಮೂತ್ರದ ಬಣ್ಣ ನೋಡಿ ನಿನ್ನ ಬೆಂಗಳೂರು ಗೆಳೆಯರು ಆಸ್ಪತ್ರೆಗೆ ಓಡುತ್ತಾರೆ. ಅದು ಪಾಯಸಕ್ಕೆ ಇರಲಿ ಮಗಾ.

ಪ್ಯಾಷನ್ ಫ್ರೂಟ್ ಇದ್ದರೆ ಹಾಕು ಬೇಕಾದರೆ. ಚೆಟ್ಟಳ್ಳಿ ಪ್ರಯೋಗ ಕೇಂದ್ರದ ಕಾವೇರಿ ತಳಿ ನಮ್ಮ ಚಪ್ಪರದಲ್ಲಿದೆ, ನೇರಳೆ ಮತ್ತು ಹಳದಿ ಜಾತಿ ಕೂಡಿಸಿ ಮಾಡಿದ್ದು. ಎರಡು ಹಣ್ಣಿನ ತಿರುಳು, ಒಂದು ಲಾರ್ಜ್ ಟಕೀಲಾ, ಜೇನು ನೀರು. ಬೀಜ ಸೋಸಬೇಡ, ಅಗಿಯೋಕೆ ಚೆನ್ನಾಗಿರುತ್ತದೆ. ಅಳಿಯ ಸೋಸು ಅನ್ನುತ್ತಾನೆ, ಅವನ ಮಾತು ಕೇಳಬೇಡ.

ಹಳೇ ಫೌಜಿ

ಸರಿ, ಒಂದು ಪ್ರಶ್ನೆ. ಟಕೀಲಾ ಕುಡಿದರೆ ಶುಗರ್ ಇಳಿಯುತ್ತದೆ, ತಲೆನೋವೂ ಬರಲ್ಲ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನನಗೆ ಶುಗರ್ ಇದೆ, ಕೊಲೆಸ್ಟ್ರಾಲ್ ಮಾತ್ರೆ ಬೇರೆ. ನಿಜವಾ?

ಔಷಧಿ ಅಂಗಡಿ (ವಿರಾಜಪೇಟೆ)

ಮಾವ, ಎರಡೂ ಸುಳ್ಳು. ಅಗಾವೆ ಗಿಡದಲ್ಲಿರೋ ಸಕ್ಕರೆ ಬೇರೆ, ಬಾಟಲಿಯಲ್ಲಿರೋದು ಬೇರೆ. ಭಟ್ಟಿ ಇಳಿಸಿದ ಮೇಲೆ ಗಿಡದ ಆ ಸಕ್ಕರೆ ಉಳಿಯೋದೇ ಇಲ್ಲ. ತಲೆನೋವು ಎಷ್ಟು ಕುಡಿದಿರಿ ಅನ್ನೋದರ ಮೇಲೆ. ಶುಗರ್ ಮಾತ್ರೆಯೋ ಇನ್ಸುಲಿನ್ನೋ ತಗೊಳ್ಳೋರು ಖಾಲಿ ಹೊಟ್ಟೆಯಲ್ಲಿ ಕುಡಿದರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅದನ್ನೇ ಯಾರೋ ಒಳ್ಳೇದು ಅಂದುಕೊಂಡಿರಬೇಕು.

ಇನ್ನೊಂದು ಮಾತು, ಅಕ್ಕ ಬೇಜಾರಾಗಬಾರದು. ಗ್ರೇಪ್‌ಫ್ರೂಟ್ ಹಾಗೇ ಚಕ್ಕೋತ ಕೂಡ ಕೆಲವು ಕೊಲೆಸ್ಟ್ರಾಲ್ ಮತ್ತು ಬಿ.ಪಿ. ಮಾತ್ರೆಗಳ ಜೊತೆ ಹೊಂದುವುದಿಲ್ಲ. ಮಾತ್ರೆಯ ಅಂಶ ರಕ್ತದಲ್ಲಿ ಏರಿಬಿಡುತ್ತದೆ. ಮಾತ್ರೆಯ ಹೆಸರು ತೋರಿಸಿ ಡಾಕ್ಟರನ್ನು ಕೇಳಿ. ಅಲ್ಲಿಯವರೆಗೆ ನಿಮಗೆ ಪಲೋಮಾ ಇಲ್ಲ.

ಹಳೇ ಫೌಜಿ

ಕುಡಿಯೋದಕ್ಕೆ ಮೊದಲೇ ಬ್ಯಾನ್ ಆದೆ. ಇದು ಇಡೀ ಸರ್ವಿಸ್‌ನಲ್ಲೇ ಮೊದಲ ಸಲ.

ಚಕ್ಕೋತಕ್ಕ

ಬೇಜಾರೆಂತದ್ದು, ಗೊತ್ತಿರಲಿಲ್ಲ. ನಮ್ಮ ಯಜಮಾನರ ಮಾತ್ರೆ ಈಗಲೇ ನೋಡುತ್ತೇನೆ.

ಬಾರ್ ಕೌಂಟರ್

ಪಾರ್ಟಿಗೆ ಹೋಗೋರು ರಾತ್ರಿ ಅಲ್ಲೇ ಮಲಗಿ, ಇಲ್ಲ ಕುಡಿಯದ ಒಬ್ಬರ ಕೈಗೆ ಕೀ ಕೊಡಿ. ಮಾರ್ಗರೀಟಾ ಹುಳಿ ಸಿಹಿಯಲ್ಲಿ ಸುಲಭವಾಗಿ ಇಳಿಯುತ್ತದೆ, ಆದರೆ ಒಂದೊಂದು ಗ್ಲಾಸಿನಲ್ಲೂ ಒಂದು ಲಾರ್ಜ್ ಇದೆ. ನಮ್ಮ ತಿರುವುಗಳಲ್ಲಿ ಆ ಲೆಕ್ಕ ತಪ್ಪಬಾರದು.

ಮೈಸೂರಲ್ಲಿರೋ ಕೊಡಗಿನವ

ಗೋಲ್ಡ್ ಮಿಕ್ಕರೆ ಬತಾಂಗ ಮಾಡಿ. ಟಕೀಲಾ ಊರಿನಲ್ಲಿ ಲಾ ಕಪೀಯಾ ಅಂತ ಒಂದು ಹಳೇ ಬಾರ್ ಇದೆ, ಅಲ್ಲಿನದು. ಉಪ್ಪು ಹಚ್ಚಿದ ಲೋಟ, ನಿಂಬೆ, ಟಕೀಲಾ, ಕೋಲಾ. ಹಣ್ಣು ಕೊಯ್ದ ಚಾಕುವಿನಲ್ಲೇ ಕಲಕಿ ಕೊಡುತ್ತಾರೆ. ಹತ್ತು ಸೆಕೆಂಡಿನ ಕೆಲಸ.

ತೋಟದಮನೆ

ಎಲ್ಲರಿಗೂ ವರದಿ. ಪುತ್ತರಿ ಚೆನ್ನಾಗಾಯಿತು. ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆ) ಕದಿರು ತೆಗೆದು, ತಂಬುಟ್ಟು ತಿಂದು, ಮರುದಿನ ಸಂಜೆ ನಮ್ಮ ಜಗಲಿಯಲ್ಲಿ ಕೂತೆವು. ಆರು ಗಂಟೆಗೇ ಕರೆಂಟ್ ಹೋಯಿತು. ಐಸ್ ಅನ್ನು ಮೊದಲೇ ಇಡ್ಲಿ ಪಾತ್ರೆಗೆ ತುಂಬಿ ಕಂಬಳಿ ಸುತ್ತಿಟ್ಟಿದ್ದೆ, ಒಂಬತ್ತರವರೆಗೆ ಬಂತು. ಪಲೋಮಾ ಹೆಂಗಸರ ಕಡೆ ಎರಡು ಸುತ್ತು ಹೋಯಿತು. ಮಾರ್ಗರೀಟಾಗೆ ಹುಡುಗರು ಜಗಳ ಆಡಿದರು. ಬತಾಂಗ ಚಿಕ್ಕಪ್ಪನ ಮಗನಿಗೆ ಮಾತ್ರ ಇಷ್ಟ ಆಯಿತು, ಅವನಿಗೆ ಕೋಲಾ ಹಾಕಿದರೆ ಏನಾದರೂ ಇಷ್ಟ.

ದೊಡ್ಡ ಮಾವನ ಮುಂದೆ ಎರಡು ಸಣ್ಣ ಗ್ಲಾಸ್ ಇಟ್ಟೆ, ಏನು ಅಂತ ಹೇಳಲಿಲ್ಲ. ರೆಪೊಸಾಡೊ ಮೂಸಿ ನೋಡಿದರು. ಒಂದು ತೊಟ್ಟು ಕುಡಿದು ಸುಮ್ಮನಿದ್ದರು. ಆಮೇಲೆ ಸಾಂಗ್ರೀಟಾ ಕುಡಿದರು. ಇನ್ನೊಂದು ಗ್ಲಾಸ್ ಬೇಕು ಅಂದರು, ಕೈ ತೋರಿಸಿದ್ದು ಸಾಂಗ್ರೀಟಾ ಕಡೆಗೆ. ನಾಲ್ಕು ಗ್ಲಾಸ್ ಸಾಂಗ್ರೀಟಾ ಹೋಯಿತು, ಟಕೀಲಾ ಆ ಒಂದೇ. ಅದನ್ನೂ ಪೂರ್ತಿ ಮುಗಿಸಿದರು, ದಾಸವಾಳಕ್ಕೆ ಏನೂ ಸಿಗಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಉಳಿದ ಸಾಂಗ್ರೀಟಾಗೆ ಅಕ್ಕಿ ರೊಟ್ಟಿ ಅದ್ದಿಕೊಂಡು ತಿನ್ನುತ್ತಿದ್ದರು.

ಚಕ್ಕೋತ ಇನ್ನೂ ಆರು ಉಳಿದಿವೆ. ಯಾರಿಗಾದರೂ ಬೇಕಾ?

ಚಕ್ಕೋತಕ್ಕ

ನನ್ನ ಮರದಲ್ಲೇ ಬಾವಲಿ ತಿನ್ನುತ್ತಿದೆ ತಮ್ಮಾ. ಮಾವ ಐದು ಹನಿಗೇ ಒಪ್ಪಿದರಾ, ಇನ್ನೂ ಜಾಸ್ತಿ ಹಾಕಿದೆಯಾ?

ತೋಟದಮನೆ

ಏಳು ಹನಿ. ಎರಡನೇ ಗ್ಲಾಸಿಗೆ ಅವರೇ ಸೀಸೆ ಕಿತ್ತುಕೊಂಡರು.

ಹಳೇ ಫೌಜಿ

ಮಾತ್ರೆ ತೋರಿಸಿಕೊಂಡು ಬಂದೆ. ಚಕ್ಕೋತ ಬೇಡವಂತೆ. ಆ ಕೆಂಪು ನೀರು ಒಂದು ಬಾಟಲಿ ಮಾಡಿಡಿ, ಗುರುವಾರ ಗೋಣಿಕೊಪ್ಪಕ್ಕೆ ಬರುತ್ತೇನೆ.